ಬೆನ್ನ ಹಿಂದಿನ ಗಾಳಿ

ಕೇಪ್‌ಟೌನಿನ ಕ್ಯಾಂಪ್ಸ್ ಬೇಯಲ್ಲಿ ವಿಲ್ಲಾ ಹಿಡಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಫೋಟೋಗಳಲ್ಲಿ ಸುಳ್ಳೇನಿಲ್ಲ. ವಿಕ್ಟೋರಿಯಾ ರಸ್ತೆಯ ತಾಳೆಮರ, ಬಿಳಿ ಮರಳು, ಹಿಂದೆ ಸಾಲಾಗಿ ನಿಂತ ಟ್ವೆಲ್ವ್ ಅಪಾಸಲ್ಸ್ ಬೆಟ್ಟ, ಡೆಕ್ಕಿನ ಅಂಚಿಗೇ ಈಜುಕೊಳ, ಎಲ್ಲವೂ ಇದ್ದದ್ದೇ. ಫೋಟೋದಲ್ಲಿ ಗಾಳಿ ಕಾಣುವುದಿಲ್ಲ, ಅಷ್ಟೇ.

ನಾವು ಹೋದದ್ದು 2023ರ ಜನವರಿ, ಸಂಕ್ರಾಂತಿ ಹೊತ್ತಿಗೆ. ಬುಕ್ ಮಾಡಿದ್ದು ಜೊಹಾನ್ಸ್‌ಬರ್ಗಿನಲ್ಲಿರುವ ಭಾಮೈದ. ಬೀಗದ ಕೈ, ಅಲಾರಂ, ಮನೆಯ ನಿಯಮಗಳ ಹದಿನಾಲ್ಕು ಪುಟ ಎಲ್ಲ ಅವನ ವಶ. "ನೀವು ಆರಾಮಿರಿ ಭಾವ, ನಾ ಇದ್ದೆ ಅಲ್ಲ" ಅಂದ. ಆ ಮಾತನ್ನು ನಂಬಿದ್ದು ನನ್ನ ಮೊದಲ ತಪ್ಪು.

ಎರಡನೆಯದು ನನ್ನ ಊರಿನ ಜಂಬ. ಕುಂದಾಪುರದವನಿಗೆ ಕಡಲ ಗಾಳಿ ಹೊಸತೇ? ಆಗ ದೇಶವೆಲ್ಲ ಲೋಡ್ ಶೆಡ್ಡಿಂಗ್. ರಾತ್ರಿ ಎರಡಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ದೀಪಕ್ಕೆ ಮಾತ್ರ, ಎಸಿಗಿಲ್ಲ. ಗಾಜಿನ ಮನೆಯೊಳಗೆ ಉಸಿರು ಕಟ್ಟಿದಂತಾಯಿತು. "ಬಾಗಿಲು ತೆಗೀಬೇಡಿ, ತಮ್ಮನ ಹತ್ರ ಕೇಳಿ ತೆಗೀಲಕ್ಕು" ಎಂದು ಹೆಂಡತಿ ಅರೆನಿದ್ದೆಯಲ್ಲಿ ಹೇಳಿದಳು. ಬೆಟ್ಟದ ಕಡೆಯ ಅಡುಗೆಮನೆ ಕಿಟಕಿ ತೆಗೆದೆ, ಕಡಲ ಕಡೆಯ ಬಾಗಿಲೂ ತೆಗೆದೆ. ಎದುರುಬದುರು ತೆರೆದರೆ ಗಾಳಿ ಆಡುತ್ತದಲ್ಲ. ಲುಂಗಿಯಲ್ಲೇ ಡೆಕ್ಕಿಗೆ ಕಾಲಿಟ್ಟೆ.

ಅಲ್ಲಿಯ ಬೇಸಿಗೆ ಗಾಳಿ ಕಡಲಿಂದ ಬರುವುದಿಲ್ಲ. ಆಗ್ನೇಯದಿಂದ ಬಂದು, ಬೆಟ್ಟ ಹತ್ತಿ, ನೆತ್ತಿಯಿಂದ ಊರಿನ ಮೇಲೆ ಧುಮುಕುತ್ತದೆ. ಊರಿನ ಹೊಗೆ, ರೋಗ ಎಲ್ಲ ಗುಡಿಸಿಕೊಂಡು ಹೋಗುತ್ತದೆಂದು ಅದಕ್ಕೆ ಕೇಪ್ ಡಾಕ್ಟರ್ ಎಂಬ ಹೆಸರು. ಆ ಡಾಕ್ಟರು ಅಡುಗೆಮನೆ ಕಿಟಕಿಯಿಂದ ಒಳಹೊಕ್ಕು, ನನ್ನ ಬೆನ್ನ ಹಿಂದೆ ಬಾಗಿಲನ್ನು ಧಡಾರ್ ಎಂದು ಹಾಕಿದರು. ಹೊರಗಡೆಯಿಂದ ಹಿಡಿಯೇ ಇಲ್ಲದ ಬಾಗಿಲು.

ಕತ್ತಲು. ಕೆಳಗೆ ಇಡೀ ಊರೇ ಕತ್ತಲು. ಸೋಫಾದ ದಿಂಬುಗಳು ಒಂದೊಂದಾಗಿ ಹಾರಿ ಕೊಳಕ್ಕೆ ಬಿದ್ದವು. ದೊಡ್ಡ ಕೊಡೆ ಬುಡದಿಂದ ಎದ್ದು ಡೆಕ್ಕಿನ ಗಾಜಿನ ಕಟಕಟೆಗೆ ಬಡಿಯಿತು. ಗಾಜು ಪುಡಿಯಾದ ಸದ್ದೂ ಗಾಳಿಯಲ್ಲಿ ಸರಿಯಾಗಿ ಕೇಳಲಿಲ್ಲ. ಬರಿಗಾಲು. ಗಾಜಿನ ಚೂರು ತಪ್ಪಿಸಲು ಗೋಡೆ ಹಿಡಿದು ಪಕ್ಕದ ಮೆಟ್ಟಿಲಿಗೆ ಸರಿದೆನೋ ಇಲ್ಲವೋ, ಸೈರನ್. ಹೊರಗೆ ಅಲಾರಂ ಬೀಮ್ ಹಾಕಿದ್ದಾರೆಂದು ನನಗೆ ಯಾರು ಹೇಳಿದ್ದರು?

ಗೇಟಿನ ಮೇಲೆ "ಆರ್ಮ್ಡ್ ರೆಸ್ಪಾನ್ಸ್" ಎಂಬ ಫಲಕ ನೋಡಿದ್ದೆ, ನಮ್ಮಲ್ಲಿ "ನಾಯಿ ಇದೆ, ಎಚ್ಚರಿಕೆ" ಎಂದು ಬರೆಯುವ ಹಾಗೆ ಅಂದುಕೊಂಡಿದ್ದೆ. ಐದೇ ನಿಮಿಷಕ್ಕೆ ಇಬ್ಬರು ಬಂದರು, ಎದೆಗೆ ಗುಂಡುನಿರೋಧಕ ಕವಚ, ಕೈಯಲ್ಲಿ ಪಿಸ್ತೂಲು. ಟಾರ್ಚ್ ನೇರ ಕಣ್ಣಿಗೆ. ಕೈ ಮೇಲೆತ್ತು ಎಂದರು. ನನ್ನ ಎರಡೂ ಕೈ ಲುಂಗಿಯ ಮೇಲಿತ್ತು. ಎತ್ತಿದರೆ ಮಾನ ಹೋಗುತ್ತದೆ, ಎತ್ತದಿದ್ದರೆ ಏನು ಹೋಗುತ್ತದೋ. ಒಂದು ಕೈ ಎತ್ತಿದೆ. "ಪಾಸ್‌ವರ್ಡ್?" ಎಂದರು. ಪಾಸ್‌ಪೋರ್ಟ್ ಎಂದು ಕೇಳಿಸಿ, "ಇನ್‌ಸೈಡ್, ಇನ್‌ಸೈಡ್" ಎಂದು ಬೊಬ್ಬೆ ಹೊಡೆದೆ. ಒಳಗೆ ಇನ್ನೂ ಯಾರೋ ಇದ್ದಾರೆಂದು ಅವರು ಮತ್ತೂ ಬಿಗಿಯಾದರು.

ಅಷ್ಟರಲ್ಲಿ ಭಾಮೈದ ಆಕಳಿಸುತ್ತಾ ಬಾಗಿಲು ತೆರೆದು ಒಂದೇ ಪದ ಹೇಳಿದ, "ಪೈನಾಪಲ್." ಪಿಸ್ತೂಲು ಕೆಳಗಿಳಿಯಿತು. ಆ ಪದ ಅವನಿಗೆ ಮೂರು ದಿನದಿಂದ ಗೊತ್ತಿತ್ತು!

ಹೋಗುವವರು ಪಾಸ್‌ವರ್ಡ್ ಮನೆಮಂದಿಗೆಲ್ಲ ಬಾಯಿಪಾಠ ಮಾಡಿಸಿ. ಗಾಳಿ ಬೇಡವೆಂದರೆ ಪಕ್ಕದ ಕ್ಲಿಫ್ಟನ್ ನೋಡಿ, ಅಲ್ಲಿನ ಬೀಚುಗಳಿಗೆ ಬೆಟ್ಟದ ಮರೆ ಇದೆ. ಈಜುವ ಆಸೆ ಕೊಳದಲ್ಲೇ ತೀರಿಸಿಕೊಳ್ಳಿ: ಈ ಗಾಳಿ ಮೇಲಿನ ನೀರನ್ನು ಆಚೆಗೆ ತಳ್ಳಿ ಅಡಿಯ ತಣ್ಣೀರನ್ನು ಮೇಲೆ ತರುತ್ತದೆ, ಮರವಂತೆಯ ಕಡಲು ನೆನೆಸಿಕೊಂಡು ಇಳಿದರೆ ಮೊಣಕಾಲು ಮರಗಟ್ಟುತ್ತದೆ. ಚಾರ್ಜರಿಗೆ ನಮ್ಮ ಗೀಸರಿನ ದಪ್ಪ ಮೂರು ಪಿನ್ನಿನ ಪ್ಲಗ್ಗೇ ಸಾಕು.

ಡೆಪಾಸಿಟ್ 20,000 ರ‍್ಯಾಂಡ್, ಆಗ ಒಂದಕ್ಕೆ ಐದು ರೂಪಾಯಿಗೆ ತುಸು ಕಡಿಮೆ. ಅರ್ಧ ಮುರಿದುಕೊಂಡು, ಉಳಿದದ್ದನ್ನು ಏಳು ವಾರ ಸತಾಯಿಸಿ ಕಳಿಸಿದರು. ಪಟ್ಟಿಯಲ್ಲಿ ಗಾಜು, ಕೊಡೆ, ದಿಂಬು ಸರಿ, ಒಪ್ಪಿದೆ. ಕೊನೆಯಲ್ಲಿ ಎರಡು ವೈನ್ ಗ್ಲಾಸೂ ಇತ್ತು. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಭಾಮೈದನನ್ನು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.