ಮೊದಲು ಹುಲಿ, ಆಮೇಲೆ ಹಕ್ಕಿ: ಮಕ್ಕಳೊಂದಿಗೆ ಡೇರೆ ಪ್ರವಾಸಕ್ಕೆ ಎಂಟು ಸೂತ್ರಗಳು

ಮಕ್ಕಳನ್ನು ಕಾಡಿಗೆ ಕರೆದೊಯ್ದ ಅಪ್ಪ-ಅಮ್ಮಂದಿರೆಲ್ಲ ಕೇಳಿಸಿಕೊಂಡಿರುವ ಪ್ರಶ್ನೆ ಒಂದೇ: "ಹುಲಿ ಎಲ್ಲಿ?" ಹುಲಿ ಕಾಣುವುದಿಲ್ಲ, ಮಕ್ಕಳು ಮುನಿಸಿಕೊಳ್ಳುತ್ತಾರೆ. ತಲೆಯ ಮೇಲೇ ಹಾರಿಹೋದ ಗರುಡನನ್ನು ಯಾರೂ ನೋಡುವುದಿಲ್ಲ. ಮೈಸೂರು ಮೃಗಾಲಯ, ರಂಗನತಿಟ್ಟು, ಕಾವೇರಿ ದಂಡೆಯ ಭೀಮೇಶ್ವರಿ ಈ ಮೂರನ್ನೂ ಸರಿಯಾದ ಕ್ರಮದಲ್ಲಿ ಜೋಡಿಸಿದರೆ ಈ ತಕರಾರು ಏಳುವುದೇ ಇಲ್ಲ.

1. ಮೃಗಾಲಯದಿಂದಲೇ ಶುರು ಮಾಡಿ. ಅದನ್ನು ಕೊನೆಗೆ ಇಟ್ಟುಕೊಂಡರೆ ಡೇರೆಯಲ್ಲಿದ್ದಷ್ಟು ಹೊತ್ತೂ ಮಕ್ಕಳ ಮನಸ್ಸು ಜಿರಾಫೆಯ ಹತ್ತಿರವೇ ಇರುತ್ತದೆ. ದೊಡ್ಡ ಪ್ರಾಣಿಗಳ ಹಸಿವು ಮೊದಲ ದಿನವೇ ತೀರಲಿ. 1892ರಲ್ಲಿ ಆರಂಭವಾದ ಈ ಮೃಗಾಲಯದಲ್ಲಿ ಹುಲಿ, ಆನೆಗಳ ಜೊತೆಗೆ 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳೂ ಇವೆ. ಮಂಗಳವಾರ ರಜೆ ಎಂಬುದನ್ನು ಮರೆತು ಗೇಟಿನಿಂದ ವಾಪಸಾಗುವ ಕುಟುಂಬಗಳು ಕಡಿಮೆಯೇನಲ್ಲ. ದಸರಾ ಜಾತ್ರೆಯ ದಿನಗಳಲ್ಲಂತೂ ಆ ಕಡೆ ತಲೆ ಹಾಕಬೇಡಿ. ಕಾಣುವುದು ಬರೀ ಜನರ ಬೆನ್ನು.

2. ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಬಿಸಿಲೇರಿದ ಮೇಲೆ ಹುಲಿ, ಸಿಂಹಗಳು ನೆರಳು ಹುಡುಕಿಕೊಂಡು ಮಲಗಿಬಿಡುತ್ತವೆ. ಸ್ಟೀಲ್ ಬಾಟಲಿಯಲ್ಲಿ ನೀರು ಒಯ್ಯಿರಿ. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇಡ. ಮಗು ಗೊರಿಲ್ಲಾದ ಮುಂದೆ ಅರ್ಧ ಗಂಟೆ ನಿಂತರೆ ನಿಲ್ಲಲಿ.

3. ಮಧ್ಯಾಹ್ನ ಕಾರಂಜಿ ಕೆರೆ. ಮೃಗಾಲಯಕ್ಕೆ ಅಂಟಿಕೊಂಡೇ ಇದೆ. ಒಳಗೇ ನಡೆದಾಡಬಹುದಾದ ದೊಡ್ಡ ಪಕ್ಷಿ ಪಂಜರವೊಂದು ಇಲ್ಲಿದೆ. ಮಕ್ಕಳ ಕಣ್ಣು ಹುಲಿಯಿಂದ ಹಕ್ಕಿಗೆ ಹೊರಳುವುದು ಇಲ್ಲೇ.

4. ರಂಗನತಿಟ್ಟಿಗೆ ಒಂದು ಬೆಳಗನ್ನು ಪೂರ್ತಿ ಕೊಡಿ. ಮೈಸೂರಿನಿಂದ ಇಪ್ಪತ್ತು ಕಿಲೋಮೀಟರಿನ ಒಳಗೇ ಇದೆಯೆಂದು ಊರಿಗೆ ಮರಳುವಾಗ ಹಾಗೇ ಹೊಕ್ಕು ಬರುವವರೇ ಹೆಚ್ಚು. ಅದು ಶುದ್ಧ ದಂಡ. ಇಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದರು. 2022ರಲ್ಲಿ ಇದು ರಾಮ್ಸಾರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಯೂ ಆಯಿತು. ದೋಣಿ ಹತ್ತಿದರೆ ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ನೀರುಕಾಗೆ ಎಲ್ಲವೂ ಕಣ್ಣಳತೆಯಲ್ಲೇ ಇರುತ್ತವೆ. ಬಂಡೆಯ ಮೇಲೆ ಮರದ ದಿಮ್ಮಿಯಂತೆ ಬಿದ್ದುಕೊಂಡ ಮೊಸಳೆಯನ್ನು ಮೊದಲು ಗುರುತಿಸುವವರು ಮಕ್ಕಳೇ. ಅಂಬಿಗರನ್ನು ಮಾತಿಗೆಳೆಯಿರಿ. ಯಾವ ತಿಟ್ಟಿನಲ್ಲಿ ಯಾವ ಗೂಡಿದೆ ಎಂಬುದು ಅವರಿಗೆ ಬಾಯಿಪಾಠ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಆಗ ಹೋಗಿ ಪ್ರಯೋಜನವಿಲ್ಲ. ವಲಸೆ ಹಕ್ಕಿಗಳಿರುವ ಚಳಿಗಾಲವೇ ಮೇಲು.

5. ದುರ್ಬೀನು ಎಂಟು ಪಟ್ಟಿನದೇ ಸಾಕು. ಕೊಳ್ಳುವುದಾದರೆ 8x42. ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರ 42 ಮಿಲಿಮೀಟರ್. ಹನ್ನೆರಡು, ಹದಿನಾರು ಪಟ್ಟಿನವು ಅಂಗಡಿಯಲ್ಲಿ ಆಸೆ ಹುಟ್ಟಿಸುತ್ತವೆ. ಮಕ್ಕಳ ಕೈಯಲ್ಲಿ ಹಕ್ಕಿಯ ಬದಲು ನಡುಕವನ್ನೇ ತೋರಿಸುತ್ತವೆ.

6. ಡೇರೆಯ ಜಾಗವನ್ನು ಮೊದಲೇ ಗೊತ್ತುಮಾಡಿ. ಕಾವೇರಿ ವನ್ಯಜೀವಿ ಧಾಮದೊಳಗೆ ನಿಮ್ಮಿಷ್ಟಕ್ಕೆ ಡೇರೆ ಹೊಡೆಯುವಂತಿಲ್ಲ. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಶಿಬಿರಗಳಿವೆ. ಹೊಳೆ ಎದುರಿಗೇ ಇರುತ್ತದೆ. ಕಪ್ಪು-ಬಿಳಿ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ದಢಕ್ಕನೆ ನೀರಿಗೆ ಬೀಳುವುದನ್ನು ಕುರ್ಚಿಯಲ್ಲಿ ಕೂತೇ ನೋಡಬಹುದು. ಹಕ್ಕಿ ನೋಡಲು ಬೆಟ್ಟ ಹತ್ತಲೇಬೇಕೆಂದು ಯಾರು ಹೇಳಿದರೋ!

7. ಹೊಳೆಗೆ ಇಳಿಯಬೇಡಿ. ಇದರಲ್ಲಿ ರಾಜಿ ಇಲ್ಲ. ಮೇಲೆ ಶಾಂತವಾಗಿ ಕಾಣುವ ಕಾವೇರಿಯಲ್ಲಿ ಸುಳಿಗಳಿವೆ, ಮೊಸಳೆಗಳಿವೆ. ಬೆಳಿಗ್ಗೆ ಬೂಟನ್ನು ಕೊಡವಿಯೇ ಹಾಕಿಕೊಳ್ಳಿ. ತಿಂಡಿ ಡೇರೆಯ ಹೊರಗಿಟ್ಟರೆ ಅದು ಕೋತಿಗಳ ಪಾಲು. ಹಾಡಿನ ಸ್ಪೀಕರ್ ಮನೆಯಲ್ಲೇ ಇರಲಿ. ಕತ್ತಲಾದ ಮೇಲೆ ನತ್ತಿಂಗ ಹಕ್ಕಿಯ ಕೂಗು ಕೇಳಬೇಕೆಂದರೆ ಅದೊಂದೇ ದಾರಿ.

8. ಪಟ್ಟಿ ಬರೆಯುವ ಕೆಲಸ ಮಕ್ಕಳದು. ಹೆಸರು ತಿಳಿಯದಿದ್ದರೆ ಬಣ್ಣ, ಗಾತ್ರ, ಕೂತ ಜಾಗ, ಹೊತ್ತು ಬರೆದರೂ ಆಯಿತು. ದಾಸಮಗರೆ ನಮ್ಮ ರಾಜ್ಯಪಕ್ಷಿ. ಅದು ತಂತಿಯ ಮೇಲೆ ಸುಮ್ಮನೆ ಕೂತಾಗ ಯಾರಿಗೂ ಬೇಡ, ರೆಕ್ಕೆ ಬಿಚ್ಚಿದಾಗ ಮಾತ್ರ ಎಲ್ಲರೂ ಬಾಯಿ ತೆರೆಯುತ್ತಾರೆ. ಆ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ. ಇ-ಬರ್ಡ್ ತಾಣಕ್ಕೆ ಹಾಕಿದರೆ ಸಂಶೋಧಕರಿಗೂ ಬೇಕಾಗುತ್ತದೆ. ಪ್ರತಿ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಈ ಸಲದ ಪ್ರವಾಸವನ್ನು ಆ ವಾರಕ್ಕೇ ಇಟ್ಟುಕೊಳ್ಳಿ, ನಿಮ್ಮ ಮಕ್ಕಳ ಲೆಕ್ಕವೂ ಅದರಲ್ಲಿ ಸೇರಲಿ.