ಅಂಚೆಚೀಟಿ ಹವ್ಯಾಸದ ಪತಿಗೆ ಏನು ಕೊಡಲಿ?

ಪ್ರಶ್ನೆ: ಪತಿ ಕಾಲೇಜು ದಿನಗಳಿಂದ ಅಂಚೆಚೀಟಿ ಸಂಗ್ರಹಿಸುತ್ತಿದ್ದಾರೆ. ಹುಟ್ಟುಹಬ್ಬಕ್ಕೆ 2,000 ರೂಪಾಯಿಯೊಳಗೆ ಒಳ್ಳೆಯ ಚೀಟಿ ಕೊಡುವಾಸೆ. ನನಗೆ ಇದರ ಗಂಧಗಾಳಿಯಿಲ್ಲ. – ಓದುಗರು, ಧಾರವಾಡ

ಉತ್ತರ: ಮೊದಲು ಅವರಿಲ್ಲದ ಹೊತ್ತಿನಲ್ಲಿ ಆಲ್ಬಮ್ಮಿನ ಪುಟಗಳ ಫೋಟೊ ತೆಗೆದುಕೊಳ್ಳಿ. ಚೀಟಿಗಳನ್ನು ಬೆರಳಿಂದ ಮುಟ್ಟಬೇಡಿ, ಬೆವರಿನ ಕಲೆ ಹೋಗುವುದಿಲ್ಲ. ಖಾಲಿ ಜಾಗಗಳಲ್ಲೇ ಅವರಿಗೇನು ಬೇಕೆಂಬ ಸುಳಿವು ಸಿಗುತ್ತದೆ. ‘ನೂರು ದೇಶಗಳ ಚೀಟಿ’ ಎಂದು ಮಾರುವ ಮಿಶ್ರ ಪ್ಯಾಕೆಟ್ ಬೇಡವೇ ಬೇಡ.

2014ರ ಸೆಪ್ಟೆಂಬರ್ 3ರಂದು ಅಂಚೆ ಇಲಾಖೆ ಎಂಟು ಸಂಗೀತಗಾರರ ಚೀಟಿಗಳನ್ನು ಹೊರತಂದಿತು. ಅವರಲ್ಲಿ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ, ಕುಮಾರ ಗಂಧರ್ವ ನಾಲ್ವರೂ ನಮ್ಮ ಭಾಗದವರು. ಧಾರವಾಡದ ಮನೆಗೆ ಇದಕ್ಕಿಂತ ಒಪ್ಪುವ ಉಡುಗೊರೆ ನನಗಂತೂ ತೋಚದು. ನಿಮ್ಮ ಪತಿಯ ಬಳಿ ಇಲ್ಲದಿದ್ದರೆ ಎಂಟರ ಪೂರ್ಣ ಸೆಟ್ಟನ್ನೇ ಕೊಳ್ಳಿ. ಬಳಸದ ಚೀಟಿಯಾದರೆ ಹಿಂಬದಿಯ ಗೋಂದು ಕೆಟ್ಟಿರಬಾರದು, ಅಂಚಿನ ಹಲ್ಲುಗಳು ಮುರಿದಿರಬಾರದು. ಫಸ್ಟ್ ಡೇ ಕವರ್ (ಬಿಡುಗಡೆಯ ದಿನದ ಲಕೋಟೆ) ಆದರೆ ಮುದ್ರೆಯಲ್ಲಿ ಅದೇ ದಿನಾಂಕ ಇರಬೇಕು. ರಸೀದಿ ಪಡೆಯಿರಿ. ಈಗಾಗಲೇ ಇದ್ದದ್ದೇ ಬಂದರೆ ಬದಲಿಸಿಕೊಡುವಿರಾ ಎಂದು ಮೊದಲೇ ಕೇಳಿ.

ಇನ್ನೊಂದು ದಾರಿ, ಅವರ ಹೆಸರಲ್ಲಿ ಅಂಚೆ ಇಲಾಖೆಯ ಫಿಲಾಟೆಲಿ ಠೇವಣಿ ಖಾತೆ. ಹೊಸ ಚೀಟಿಗಳು ಮನೆಗೇ ಬರುತ್ತವೆ. ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ.

1948ರ ಹತ್ತು ರೂಪಾಯಿಯ ಗಾಂಧಿ ಚೀಟಿಯನ್ನು ಯಾರಾದರೂ ಅಗ್ಗಕ್ಕೆ ತೋರಿಸಿದರೆ ಕೊಳ್ಳಬೇಡಿ. ಅದರ ನಕಲಿಗಳು ಬಹಳ. ಅಂಥ ಬೆಲೆಬಾಳುವ ಚೀಟಿಗೆ ತಜ್ಞರ ಪ್ರಮಾಣಪತ್ರ ಬೇಕು. ಬೆಂಗಳೂರಿನ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯವರನ್ನು ಕೇಳಿ ನೋಡಿ.