ಕಾಯಕದ ಒಡೆತನ

ಶರಣರ ಮತದಲ್ಲಿ ಕಾಯಕವೆಂದರೆ ಬರಿಯ ದುಡಿಮೆಯಲ್ಲ. ಸತ್ಯಶುದ್ಧ ಮನದಿಂದ ದುಡಿದು, ಬಂದ ಫಲವನ್ನು ಗುರು-ಲಿಂಗ-ಜಂಗಮಕ್ಕೆ ಸಲ್ಲಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ಕಾಯಕ. ಆದರೆ ದಾಸೋಹ ಮಾಡಬೇಕಾದರೆ ಮೊದಲು ಫಲವು ದುಡಿದವನ ಕೈಸೇರಬೇಕಷ್ಟೆ! ನೂಲು ಧಣಿಯದು, ಸೀರೆ ಧಣಿಯದು, ಬೆಲೆ ಕಟ್ಟುವವನೂ ಧಣಿಯೇ ಆದರೆ ಬೆಟಗೇರಿಯ ನೇಕಾರನಿಗೆ ಉಳಿಯುವುದು ಮೈನೋವು ಮಾತ್ರ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮಳೆಯಾಶ್ರಿತ ಹೊಲಗಳಲ್ಲಿ ಬಿತ್ತುವ ಮೊದಲೇ ಬೆಳೆಯನ್ನು ಸಾಲಕ್ಕೆ ಒಪ್ಪಿಸಿದ ಒಕ್ಕಲಿಗನ ಪಾಡೂ ಅದೇ. ಇಲ್ಲಿ ದೋಷವು ದುಡಿಯುವವನದಲ್ಲ, ಏರ್ಪಾಟಿನದು.

ಈ ಏರ್ಪಾಟನ್ನು ತಿದ್ದುವ ಯತ್ನ ಈ ನೆಲದಲ್ಲಿಯೇ ನಡೆದುದುಂಟು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಹುಟ್ಟಿತು. ಅಂದಿನ ಗ್ರಾಮ ಸಂಘಗಳಲ್ಲಿ ಸಾಮಾನ್ಯವಾಗಿ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಆದುದರಿಂದ ನೆರೆಯವನ ನಡತೆಯೇ ಅಡವು, ಅವನ ಮಾತೇ ಪತ್ರ.

ಪತ್ತಿನ ಸಂಘವು ಬಡ್ಡಿಯ ಬಾಧೆಯನ್ನು ಕಳೆಯುತ್ತದೆ. ಉತ್ಪಾದಕರ ಸಂಘವಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಗ್ಗ, ನೂಲು, ಮಾರಾಟ ಮೂರನ್ನೂ ದುಡಿಯುವವರ ಕೈಗೆ ತರುತ್ತದೆ. ಅಲ್ಲಿ ಹಣವು ಆಳು, ದುಡಿಮೆಯು ಅರಸು. ಸಾವಿರ ರೂಪಾಯಿ ಪಾಲು ಹಾಕಿದವನಿಗೂ ನೂರು ಹಾಕಿದವನಿಗೂ ಒಂದೇ ಮತ. ಕರ್ನಾಟಕದ 1959ರ ಕಾಯಿದೆಯೂ ಈ ನಿಯಮವನ್ನೇ ಹೇಳುತ್ತದೆ. ನಿವ್ವಳ ಲಾಭದ ಶೇಕಡಾ 25ಕ್ಕೆ ಕಡಿಮೆಯಿಲ್ಲದಷ್ಟನ್ನು ಆಪತ್ಕಾಲದ ನಿಧಿಗೆ ತೆಗೆದಿಡಬೇಕೆಂದೂ ವಿಧಿಸುತ್ತದೆ.

ಸ್ಪೇನ್ ದೇಶದ ಮೊಂಡ್ರಾಗೋನ್ ಊರಿನಲ್ಲಿ 1956ರಲ್ಲಿ ಪಾದ್ರಿಯೊಬ್ಬರ ಐವರು ಶಿಷ್ಯರು ಇಂತಹದೇ ಕಾರ್ಖಾನೆಯೊಂದನ್ನು ಕಟ್ಟಿದರು. ಅದರಿಂದ ಕಾರ್ಮಿಕರೇ ಒಡೆಯರಾದ ಸಂಘಗಳ ದೊಡ್ಡ ಬಳಗವೇ ಬೆಳೆಯಿತು. ಆದಾಗ್ಯೂ ಆ ಮೊದಲ ಕಾರ್ಖಾನೆಯಿಂದ ಬೆಳೆದ ಫಾಗೋರ್ ಗೃಹೋಪಕರಣ ಸಂಸ್ಥೆಯು ಸಾಲದ ಮೇಲೆ ವಿಸ್ತರಿಸಿ, ಮಾರುಕಟ್ಟೆ ಕುಸಿದಾಗ ತಾಳಲಾರದೆ, 2013ರಲ್ಲಿ ದಿವಾಳಿಯಾಯಿತು. ಬಹುಮಂದಿಗೆ ಸೋದರ ಸಂಘಗಳು ಕೆಲಸವಿತ್ತವು. ಆದರೆ ಸದಸ್ಯರು ತೊಡಗಿಸಿದ್ದ ಹಣವು ಕರಗಿಹೋಯಿತು. ಒಡೆತನವು ಲಾಭದ ಪಾಲಷ್ಟೇ ಅಲ್ಲ, ನಷ್ಟದ ಹೊರೆಯೂ ಹೌದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನು ನೆನಪಾಗುವಳು. ಪತಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರಬೇಕೆಂದಳು ಆ ಮಹಾತಾಯಿ. ಅವರ ಬಡತನದಲ್ಲಿ ಹಿಡಿ ಅಕ್ಕಿಯೂ ದೊಡ್ಡದೇ. ಆದರೆ ಆಸೆಯು ಹೊಕ್ಕಲ್ಲಿ ಕಾಯಕವು ಕೆಡುವುದೆಂದು ಅವಳು ಬಲ್ಲಳು. ನಿಧಿಗೆ ಉಳಿಸದೆ ಲಾಭವನ್ನೆಲ್ಲ ಹಂಚಿಕೊಳ್ಳುವ ಸಂಘಕ್ಕೂ, ಶಕ್ತಿಮೀರಿ ಸಾಲ ಮಾಡುವ ಸಂಘಕ್ಕೂ ಇದೇ ಪಾಠ.

ಸಂಘಗಳು ಕೆಡುವ ಇನ್ನೊಂದು ದಾರಿ ಸದಸ್ಯರ ಉದಾಸೀನ. ವಾರ್ಷಿಕ ಸಭೆಗೆ ಹೋಗದೆ, ಲೆಕ್ಕವನ್ನು ಕೇಳದೆ, ಮತವನ್ನು ಪರರ ದಾಕ್ಷಿಣ್ಯಕ್ಕೆ ಒಪ್ಪಿಸಿದವನು ತನ್ನ ಒಡೆತನವನ್ನು ತಾನೇ ಮಾರಿದಂತೆ. ಅನುಭವಮಂಟಪದಲ್ಲಿ ಅಂಬಿಗನೂ ಸಮಗಾರನೂ ನಿರ್ಭಯವಾಗಿ ನುಡಿದರು. ಸಂಘದ ಸಭೆಯಲ್ಲಿ ಎದ್ದುನಿಂತು ಲೆಕ್ಕವನ್ನು ಕೇಳುವುದೂ ಭಕ್ತನಿಗೆ ಕಾಯಕವೇ ಸರಿ.